ಮೇಳದಲ್ಲಿ ದನ ಹಿಡಿದು ನಿಂತ ಮಕ್ಕಳು

ಟೆಕ್ಸಾಸಿನಲ್ಲಿ ಮಗುವೊಂದು ದನದ ಮೇಳದಲ್ಲಿ ಭಾಗವಹಿಸುತ್ತೇನೆಂದು ಹಟ ಹಿಡಿದರೆ ಮನೆಗೆ ಮೊದಲು ಬರುವುದು ದನವಲ್ಲ, ಕಾಗದ. ಯಾವ ತಾರೀಖಿನೊಳಗೆ ದನ ಮಗುವಿನ ಹೆಸರಿಗೆ ಆಗಿರಬೇಕು, ಕಿವಿಯೋಲೆಯ ಸಂಖ್ಯೆಯನ್ನು ಯಾರ ಎದುರಿಗೆ ಬರೆಸಬೇಕು, ಮೈಮೇಲಿನ ಕೂದಲು ಎಷ್ಟು ಉದ್ದವಿರಬಹುದು, ಯಾವ ಔಷಧ ಕೊಟ್ಟರೆ ಎಷ್ಟು ದಿನ ಕಾಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ನನ್ನ ಮಗಳು ಹೈಸ್ಕೂಲಿನಲ್ಲಿ ಎಫ್‌ಎಫ್‌ಎ ಎಂಬ ಕೃಷಿ ವಿದ್ಯಾರ್ಥಿಗಳ ಸಂಘಕ್ಕೆ ಸೇರಿ ಬ್ರಾಹ್ಮನ್ ತಳಿಯ ಕಡಸೊಂದನ್ನು ಸಾಕತೊಡಗಿದಾಗ ಈ ನಿಯಮ ಪುಸ್ತಕವನ್ನು ನಾನೂ ಓದಬೇಕಾಯಿತು, ಏಕೆಂದರೆ ಅಲ್ಲಿ ಅವಳ ಸಹಿಯ ಕೆಳಗೆ ನನ್ನ ಸಹಿಗೂ ಜಾಗವಿತ್ತು. ಮೊದಲ ಓದಿಗೆ ಅದು ಕಂದಾಯ ಇಲಾಖೆಯ ಸುತ್ತೋಲೆಯಂತೆ ಕಾಣುತ್ತದೆ. ಆದರೆ ಒಂದು ಋತು ಮಕ್ಕಳ ಜೊತೆ ಕೊಟ್ಟಿಗೆಯಲ್ಲಿ ಓಡಾಡಿದ ಮೇಲೆ, ಅದರೊಳಗಿನ ಬಹುತೇಕ ಎಲ್ಲ ನಿಯಮಗಳೂ ಎರಡೇ ಪ್ರಶ್ನೆಗಳಿಗೆ ಉತ್ತರ ಕೇಳುತ್ತಿವೆ ಎಂದು ನನಗನ್ನಿಸಿದೆ: ಈ ದನವನ್ನು ನಿಜವಾಗಿ ಸಾಕಿದವರು ಯಾರು, ಮತ್ತು ಇದನ್ನು ಕೊನೆಗೆ ತಿನ್ನುವವರು ಯಾರು.

ಎರಡನೆಯ ಪ್ರಶ್ನೆ ನಮ್ಮಂಥ ಮನೆಗಳಲ್ಲಿ ಸಲೀಸಾಗಿ ಬಾಯಿಗೆ ಬರುವಂಥದ್ದಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಅಮೆರಿಕದ ಹಳ್ಳಿಗಾಡಿನ ಮಕ್ಕಳಿಗೆ ಎರಡು ಸಂಘಟನೆಗಳು ಚಿರಪರಿಚಿತ. ಒಂದು, 1902 ರಲ್ಲಿ ಒಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಶಾಲಾ ಮಕ್ಕಳ ಕೃಷಿ ಕ್ಲಬ್ಬಾಗಿ ಮೊಳೆತ ಫೋರ್-ಎಚ್. 1914 ರ ಸ್ಮಿತ್-ಲಿವರ್ ಕಾಯಿದೆಯ ನಂತರ ಅದು ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಸೇವೆಯ ಭಾಗವಾಯಿತು. ಇನ್ನೊಂದು, 1928 ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿದ ಎಫ್‌ಎಫ್‌ಎ, ನೀಲಿ ಕಾರ್ಡುರಾಯ್ ಜಾಕೆಟ್ಟಿನ ಸಂಘ; ಇದಕ್ಕೆ ಹೆಣ್ಣುಮಕ್ಕಳನ್ನು ದೇಶದ ಮಟ್ಟದಲ್ಲಿ ಸೇರಿಸಿಕೊಂಡದ್ದು 1969 ರಲ್ಲಿ. ಹೊಸ ಜೋಳದ ಬೀಜವನ್ನೋ ಹೊಸ ಪದ್ಧತಿಯನ್ನೋ ಅಪ್ಪಂದಿರು ನಂಬುವುದಿಲ್ಲ, ಆದರೆ ಮಗ ಬೆಳೆದು ತೋರಿಸಿದರೆ ನಂಬುತ್ತಾರೆ ಎಂಬ ಲೆಕ್ಕಾಚಾರ ಮೊದಲಿನ ಕ್ಲಬ್ಬುಗಳ ಹಿಂದಿತ್ತು. ದನದ ಪ್ರದರ್ಶನವೂ ಅದೇ ಜಾಡಿನಲ್ಲಿ ಬಂದದ್ದು. ಈಗ ಹ್ಯೂಸ್ಟನ್ನಿನ ಹೊರವಲಯದಲ್ಲಿ ಹೊಲವೇ ಇಲ್ಲದ ಮನೆಗಳ ಮಕ್ಕಳೂ ದನ ಸಾಕುತ್ತಾರೆ. ನಮ್ಮ ಬಡಾವಣೆಯಲ್ಲಿ ಹಿತ್ತಿಲಲ್ಲಿ ಒಂದು ಕೋಳಿ ಬಿಡುವುದಕ್ಕೂ ನಿವಾಸಿಗಳ ಸಂಘ ಒಪ್ಪುವುದಿಲ್ಲ; ಶಾಲೆಯವರೇ ಕಟ್ಟಿಸಿದ ದೊಡ್ಡ ಕೊಟ್ಟಿಗೆಯಲ್ಲಿ ಮಕ್ಕಳಿಗೆ ಒಂದೊಂದು ಅಂಕಣ ಕೊಡುತ್ತಾರೆ, ಅವರು ಬೆಳಿಗ್ಗೆ ಶಾಲೆಗೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಮೇವು, ನೀರು, ಸಗಣಿ ನೋಡಿಕೊಳ್ಳುತ್ತಾರೆ.

ಯಾವ ದನ ಎಂಬುದು ಮೊದಲ ಚರ್ಚೆಯಾಗಿತ್ತು. ಬಹಳಷ್ಟು ಮಕ್ಕಳು ಸಾಕುವುದು ಸ್ಟಿಯರ್, ಅಂದರೆ ಬೀಜ ಒಡೆಸಿದ ಹೋರಿ. ಮೇಳ ಮುಗಿದ ಮೇಲೆ ಅದು ಹೋಗುವುದು ಕಸಾಯಿಖಾನೆಗೆ. ಜಮಖಂಡಿಯಲ್ಲಿರುವ ನಮ್ಮ ಅವ್ವನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಸು ಸಾಕಿದ ದನಾನ ಕೂಸಿನ ಕೈಲೇನ ಮಾರಸ್ತಾರಂತೇನ ಅಲ್ಲೆ?" ಎಂದು ಕೇಳಿದಳು. ಹೌದು, ಹಾಗೆಯೇ. ನಮ್ಮ ಮಗಳು ಆರಿಸಿಕೊಂಡದ್ದು ತಳಿ ಬೆಳೆಸುವ ವಿಭಾಗದ ಕಡಸನ್ನು. ಅದು ಮೇಳ ಮುಗಿಸಿಕೊಂಡು ಮರಳಿ ಬರುತ್ತದೆ, ಗಬ್ಬವಾಗುತ್ತದೆ, ಕರು ಹಾಕುತ್ತದೆ. ಇದರಿಂದ ನಾವು ಮೇಲಿನವರೆಂದು ನಾನು ಹೇಳಲಾರೆ, ಏಕೆಂದರೆ ಅದರ ಗಂಡು ಕರುವಿನ ಗತಿ ಏನೆಂಬುದು ನಮಗೆಲ್ಲ ಗೊತ್ತಿದೆ. ಹಾಗೆ ನೋಡಿದರೆ ಊರಲ್ಲಿ ವಯಸ್ಸಾದ ಎತ್ತು ಸಂತೆಯಲ್ಲಿ ಕೈಬದಲಾದ ಮೇಲೆ ಎಲ್ಲಿಗೆ ಹೋಯಿತೆಂದು ನಾವು ಕೇಳುವ ಪದ್ಧತಿಯೂ ಇರಲಿಲ್ಲ.

ಬ್ರಾಹ್ಮನ್ ತಳಿಯೇ ಆಗಬೇಕೆಂದು ಒತ್ತಾಯಿಸಿದ್ದು ಮಾತ್ರ ನಾನು. ಮೆಕ್ಸಿಕೋ ಕೊಲ್ಲಿಯ ಸೆಕೆಗೆ, ಉಣ್ಣಿಗೆ, ಸೊಳ್ಳೆಗೆ ಯುರೋಪಿನ ದನಗಳು ಬಳಲುತ್ತಿದ್ದ ಕಾಲದಲ್ಲಿ ಇಲ್ಲಿನ ಸಾಕಣೆದಾರರು ಭಾರತದ ಹಿಣಿಲಿನ ದನಗಳನ್ನು ತರಿಸಿಕೊಂಡರು. 1854 ರಿಂದ 1926 ರವರೆಗೆ ಬಂದವು ಎಲ್ಲ ಸೇರಿ ಮುನ್ನೂರಕ್ಕಿಂತ ಕಡಿಮೆ, ಅವುಗಳಲ್ಲಿ ಹೆಚ್ಚಿನವು ಹೋರಿಗಳೇ. 1924 ರಲ್ಲಿ ತಳಿ ಸಂಘ ಸ್ಥಾಪನೆಯಾಯಿತು. ಗಿರ್, ಕಾಂಕ್ರೇಜ್, ಒಂಗೋಲ್ ತಳಿಗಳ ಜೊತೆಗೆ ಆ ಬೆರಕೆಗೆ ಸೇರಿದ ನಾಲ್ಕನೆಯ ಹೆಸರು ಕೃಷ್ಣಾ ಕಣಿವೆ, ನಮ್ಮೂರ ಸೀಮೆಯ ದನ. ಸಾಂಗಲಿ, ಜಮಖಂಡಿ, ಮುಧೋಳ ಭಾಗದ ಅರಸರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಿಗುಟು ಎರೆಭೂಮಿಯ ಉಳುಮೆಗೆಂದು ಬೆಳೆಸಿದ ಆ ದೊಡ್ಡ ದನ ಟ್ರ್ಯಾಕ್ಟರು ಬಂದ ಮೇಲೆ ಊರಲ್ಲಿ ಅಪರೂಪವಾಯಿತು. ಅದರ ರಕ್ತದ ಒಂದು ಹನಿ ಇರಬಹುದಾದ ಪ್ರಾಣಿಯನ್ನು ಮಗಳು ಟೆಕ್ಸಾಸಿನಲ್ಲಿ ಹಿಡಿದು ನಡೆಸುತ್ತಾಳೆ ಎಂಬುದು ನನ್ನ ಖುಷಿಯೇ ಹೊರತು ಅವಳದಲ್ಲ. ಅವಳಿಗೆ ಹಿಡಿಸಿದ್ದು ಅದರ ಜೋಲುಕಿವಿ.

ಈ ಕಡಸನ್ನು ನಡೆಸುವುದು ಸುಲಭದ ಕೆಲಸವಲ್ಲ. ನಾಲ್ಕೈದು ನೂರು ಕಿಲೋ ತೂಗುವ ಪ್ರಾಣಿ ಮನಸ್ಸು ಮಾಡಿದರೆ ಹದಿನಾರರ ಹುಡುಗಿಯನ್ನು ಹಗ್ಗದ ಸಮೇತ ಕೊಟ್ಟಿಗೆಯ ಆ ತುದಿಗೆ ಎಳೆದುಕೊಂಡು ಹೋಗಬಲ್ಲದು. ಕಣದಲ್ಲಿ ಹುಡುಗಿ ದನದ ಎಡಬದಿಗೆ ನಡೆಯಬೇಕು, ಬಲಗೈಯಲ್ಲಿ ಮುಖದ ಹಗ್ಗ, ಎಡಗೈಯಲ್ಲಿ ತುದಿಗೆ ಕೊಕ್ಕೆಯಿರುವ ಉದ್ದನೆಯ ಕೋಲು. ನಿಲ್ಲಿಸಿದ ಕೂಡಲೇ ಕೈ ಬದಲಾಗಬೇಕು: ಹಗ್ಗ ಎಡಗೈಗೆ, ಕೋಲು ಬಲಗೈಗೆ. ಆಮೇಲೆ ಕೋಲಿನ ಮೊನೆಯಿಂದ ಗೊರಸಿನ ಸೀಳನ್ನು ಮೆಲ್ಲಗೆ ಮುಟ್ಟಿ ಕಾಲು ಹಿಂದಕ್ಕೆ ಸರಿಸಬೇಕು, ಕೊಕ್ಕೆಯಿಂದ ಗೊರಸಿನ ಹಿಂಭಾಗವನ್ನು ಹಿಡಿದು ಮುಂದಕ್ಕೆ ತರಬೇಕು. ಮುಂಗಾಲೆರಡೂ ಸಮ, ಹಿಂಗಾಲುಗಳಲ್ಲಿ ತೀರ್ಪುಗಾರರ ಕಡೆಯದು ತುಸು ಹಿಂದೆ. ಕಾಲುಗಳು ಸರಿಯಾದ ಮೇಲೆ ಕೊಕ್ಕೆಯಿಂದ ಹೊಟ್ಟೆಯ ಕೆಳಗೆ ನಿಧಾನವಾಗಿ ತುರಿಸುತ್ತಿದ್ದರೆ ದನ ಕಣ್ಣು ಅರೆಮುಚ್ಚಿ ನಿಂತುಬಿಡುತ್ತದೆ. ಇಷ್ಟೂ ಹೊತ್ತು ಹುಡುಗಿಯ ಕಣ್ಣು ತೀರ್ಪುಗಾರರ ಮೇಲಿರಬೇಕೇ ಹೊರತು ಗೊರಸಿನ ಮೇಲಲ್ಲ. ದನದ ಗುಣಕ್ಕೆ ಒಂದು ಸ್ಪರ್ಧೆಯಾದರೆ, ಹಿಡಿದು ನಡೆಸುವ ಈ ಕೌಶಲಕ್ಕೇ ಬೇರೆ ಸ್ಪರ್ಧೆ ಉಂಟು. ನನಗೆ ಅದೇ ಹೆಚ್ಚು ಇಷ್ಟ, ಏಕೆಂದರೆ ದುಡ್ಡು ಕೊಟ್ಟು ಒಳ್ಳೆಯ ದನ ತರಬಹುದು, ಈ ಕೈಬದಲನ್ನು ತರಲಾಗುವುದಿಲ್ಲ. ತೀರ್ಪುಗಾರರು ಕೊನೆಗೆ ಮೈಕು ಹಿಡಿದು ಯಾವುದನ್ನು ಯಾಕೆ ಮೇಲಿಟ್ಟೆ, ಯಾವುದನ್ನು ಯಾಕೆ ಕೆಳಗಿಟ್ಟೆ ಎಂದು ಎಲ್ಲರೆದುರು ಕಾರಣ ಹೇಳುತ್ತಾರೆ. ಜಾತ್ರೆಗಳಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೋಡಿ ಬೆಳೆದ ನನಗೆ ಈ ಬಹಿರಂಗ ವಿವರಣೆ ಮೊದಮೊದಲು ವಿಚಿತ್ರವೆನಿಸಿತ್ತು.

ಈಗ ಮೊದಲ ಪ್ರಶ್ನೆಗೆ ಬರೋಣ. ಸಾಕಿದವರು ಯಾರು? ಮಾರಾಟದ ಹೋರಿಯಾದರೆ ಮೇಳಕ್ಕೆ ತಿಂಗಳುಗಟ್ಟಲೆ ಮೊದಲೇ ಅದು ಮಗುವಿನ ಸ್ವತ್ತಾಗಿರಬೇಕು. ಅಧಿಕಾರಿಗಳು ಕಿವಿಗೆ ರಾಜ್ಯದ ಓಲೆ ಹಾಕಿ, ಡಿಎನ್‌ಎ ಪರೀಕ್ಷೆಗೆಂದು ಬುಡಸಮೇತ ಕೂದಲು ಕಿತ್ತು ಲಕೋಟೆಯಲ್ಲಿಟ್ಟುಕೊಳ್ಳುತ್ತಾರೆ. ಗೆದ್ದ ಹೋರಿ ಅಂದು ನೋಂದಾಯಿಸಿದ ಹೋರಿಯೇ ಹೌದೋ, ನಡುವೆ ಬೇರೆಯದನ್ನು ತಂದು ನಿಲ್ಲಿಸಿದ್ದಾರೋ ಎಂಬ ಅನುಮಾನ ಬಂದರೆ ಆ ಲಕೋಟೆ ತೆರೆಯುತ್ತದೆ. ತಳಿಯ ಕಡಸಾದರೆ ತಳಿ ಸಂಘದ ನೋಂದಣಿ ಪತ್ರ ಮಗುವಿನ ಹೆಸರಿನಲ್ಲೇ ಇರಬೇಕು, ಅಪ್ಪನ ಹೆಸರಿನಲ್ಲಿದ್ದರೆ ಪ್ರವೇಶವಿಲ್ಲ. ಕೂದಲಿನ ನಿಯಮವೂ ಇದೇ ಜಾತಿಯದು. ಉದ್ದ ಕೂದಲಿನ ಹೋರಿಯನ್ನು ಗಾಳಿ ಯಂತ್ರದಿಂದ ಒಣಗಿಸಿ, ಅಂಟು ಹಚ್ಚಿ, ಕತ್ತರಿಸಿ ತೊಡೆ ತುಂಬಿದಂತೆಯೂ ಬೆನ್ನು ಸಮವಿರುವಂತೆಯೂ ತೋರಿಸುವ ಕಲೆಯಲ್ಲಿ ಪಳಗಿದವರಿದ್ದಾರೆ. ಆ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವವರೂ ಇದ್ದಾರೆ. ಹಾಗಾಗಿ ಟೆಕ್ಸಾಸಿನ ದೊಡ್ಡ ಮೇಳಗಳಲ್ಲಿ ಮಾಂಸದ ಹೋರಿಗಳ ಕೂದಲು ಬಾಲದ ಕುಚ್ಚೊಂದನ್ನು ಬಿಟ್ಟು ಮೈಯೆಲ್ಲ ಕಾಲು ಇಂಚಿಗಿಂತ ಉದ್ದವಿರಕೂಡದು. ಕೂದಲು ಬೋಳಿಸಿದ ಮೇಲೆ ಬೆನ್ನು ಬೆನ್ನಾಗಿಯೇ ಕಾಣುತ್ತದೆ.

ಎರಡನೆಯ ಪ್ರಶ್ನೆಯ ಸುತ್ತ ಇರುವ ನಿಯಮಗಳು ಹೆಚ್ಚು ಕಠಿಣ, ಮತ್ತು ಅವು ಸುಮ್ಮನೆ ಬಂದವಲ್ಲ. 1994 ರ ಒಹಾಯೋ ರಾಜ್ಯ ಮೇಳದಲ್ಲಿ ಪ್ರಶಸ್ತಿ ಗೆದ್ದ ಹೋರಿ ಕುರಿಗಳಲ್ಲಿ ಹಲವು ಪರೀಕ್ಷೆಯಲ್ಲಿ ಸಿಕ್ಕಿಬಿದ್ದವು. ಕೆಲವಕ್ಕೆ ಕ್ಲೆನ್‌ಬ್ಯುಟೆರಾಲ್ ತಿನ್ನಿಸಲಾಗಿತ್ತು. ಮೈ ದುಂಡಗೆ ಕಾಣಲೆಂದು ಚರ್ಮದಡಿಗೆ ಅಡುಗೆ ಎಣ್ಣೆ ಚುಚ್ಚಿದ ಆರೋಪವೂ ಬಂತು. ಕ್ಲೆನ್‌ಬ್ಯುಟೆರಾಲ್ ಕೊಬ್ಬು ಕರಗಿಸಿ ಸ್ನಾಯು ಉಬ್ಬಿಸುವ ಔಷಧ. ಕುದುರೆಯ ಉಸಿರಾಟದ ತೊಂದರೆಗೆ ಅದಕ್ಕೆ ಅನುಮತಿ ಇದೆ, ಆಹಾರವಾಗುವ ಪ್ರಾಣಿಗಳಿಗೆ ಇಲ್ಲ. ಅದರ ಅಂಶ ಯಕೃತ್ತಿನಲ್ಲಿ ಉಳಿಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. 1990 ರ ಸುಮಾರಿಗೆ ಸ್ಪೇನಿನಲ್ಲಿ ಅಂಥ ದನದ ಯಕೃತ್ತು ತಿಂದವರು ಕೈನಡುಕ, ಎದೆಬಡಿತ, ತಲೆನೋವಿನಿಂದ ಆಸ್ಪತ್ರೆ ಸೇರಿದ್ದರು. ಒಂದು ರಿಬ್ಬನ್ನಿಗಾಗಿ ಅಪ್ಪನೊಬ್ಬ ಮಗುವಿನ ಹೋರಿಗೆ ಹಾಕಿದ ಪುಡಿ ಯಾರೋ ಅಪರಿಚಿತನ ತಟ್ಟೆಗೆ ಬರುತ್ತದೆ ಎಂಬುದು ಇಲ್ಲಿನ ಸಂಗತಿ. ಒಹಾಯೋ ಆಮೇಲೆ ಕಾನೂನು ಬಿಗಿ ಮಾಡಿತು. ಯಾವ ಔಷಧ ಕೊಟ್ಟಿದೆ ಎಂದು ಬರೆದುಕೊಡುವ ನಮೂನೆ ಅಲ್ಲಿ ಕಡ್ಡಾಯ. ಟೆಕ್ಸಾಸಿನಲ್ಲಿ ಮಕ್ಕಳು 'ಕ್ವಾಲಿಟಿ ಕೌಂಟ್ಸ್' ಎಂಬ ಪಾಠ ಮುಗಿಸಿ ಪರೀಕ್ಷೆ ಬರೆಯಬೇಕು.

ಪಾಠದಲ್ಲಿ ಓದಿದ್ದು ಕೊಟ್ಟಿಗೆಯಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ಪಕ್ಕದ ಅಂಕಣದ ಹುಡುಗನ ಹೋರಿಗೆ ಜ್ವರ ಬಂದಾಗ ನೋಡಿದೆ. ಪಶುವೈದ್ಯರು ಫ್ಲುನಿಕ್ಸಿನ್ ಚುಚ್ಚುಮದ್ದು ಕೊಟ್ಟರು. ಅದನ್ನು ದನದ ರಕ್ತನಾಳಕ್ಕೆ ಕೊಟ್ಟರೆ ಮಾಂಸಕ್ಕಾಗಿ ಕಡಿಯುವ ಮುಂಚೆ ಕಾಯಬೇಕಾದ ಅವಧಿ 4 ದಿನ. ರಕ್ತನಾಳ ಸಿಗದೆಂದು ಸ್ನಾಯುವಿಗೆ ಚುಚ್ಚಿದರೆ ಔಷಧ ಅಲ್ಲೇ ಕೂತು ಬಹಳ ದಿನ ಉಳಿಯುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ವೈದ್ಯರು ಹೋದ ಮೇಲೆ ಆ ಹುಡುಗ ಗೋಡೆಗೆ ತೂಗುಹಾಕಿದ್ದ ಪುಸ್ತಕದಲ್ಲಿ ಓಲೆಯ ಸಂಖ್ಯೆ, ಔಷಧದ ಹೆಸರು, ಪ್ರಮಾಣ, ಚುಚ್ಚಿದ ಜಾಗ, ಹೊತ್ತು, ಕಾಯಬೇಕಾದ ದಿನ ಎಲ್ಲವನ್ನೂ ಬರೆದು ಸಹಿ ಹಾಕಿದ. 2023 ರ ಜೂನ್‌ವರೆಗೆ ಪೆನಿಸಿಲಿನ್ ಮೇವಿನ ಅಂಗಡಿಯಲ್ಲೇ ಸಿಗುತ್ತಿತ್ತು. ಈಗ ಮನುಷ್ಯರಿಗೂ ಮುಖ್ಯವಾದ ಇಂಥ ಆ್ಯಂಟಿಬಯೋಟಿಕ್‌ಗಳನ್ನು ದನಕ್ಕೆ ಕೊಡಲು ಪಶುವೈದ್ಯರ ಚೀಟಿ ಬೇಕು. ಹಳಬರು ಇದಕ್ಕೆ ಗೊಣಗುತ್ತಾರೆ. ನನಗೆ ಮಾತ್ರ ಅದು ತಡವಾಗಿ ಬಂದ ಒಳ್ಳೆಯ ನಿಯಮವೆಂದೇ ತೋರುತ್ತದೆ, ನಮ್ಮ ಕಡೆಯ ಹೈನುಗಾರಿಕೆಗೂ ಇದು ಇಷ್ಟೇ ಬಿಗಿಯಾಗಿ ಬರಬೇಕು. ರೋಗದ ಕಾರಣಕ್ಕೆ ಬರುವ ನಿಯಮಗಳು ಇನ್ನೂ ಅವಸರದವು: 2024 ರ ಮಾರ್ಚಿನಲ್ಲಿ ಟೆಕ್ಸಾಸಿನ ಹಾಲಿನ ದನಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾದ ಮೇಲೆ ಆ ಬೇಸಿಗೆಯಲ್ಲಿ ಮಿನ್ನೆಸೋಟಾ, ಅಯೋವಾಗಳಂಥ ರಾಜ್ಯಗಳು ಕರೆಯುವ ಹಸುವನ್ನು ಮೇಳಕ್ಕೆ ತರುವ ಮುಂಚಿನ 7 ದಿನಗಳೊಳಗೆ ಪರೀಕ್ಷೆ ಮಾಡಿಸಿರಬೇಕೆಂದು ಹೇಳಿದವು.

ಈ ಎಲ್ಲದರ ನಡುವೆ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಪೂರ್ಣ ಹೊಣೆಯ ನಿಯಮ. ಅಮೆರಿಕದ ಮೇಳಗಳ ಸಂಘಟನೆಯ ನೀತಿ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ: ದನದ ಮೈಯಲ್ಲಿ ನಿಷಿದ್ಧ ಔಷಧ ಸಿಕ್ಕರೆ, ಅದನ್ನು ಯಾರು ಕೊಟ್ಟರು, ಪ್ರದರ್ಶಿಸಿದವರಿಗೆ ಗೊತ್ತಿತ್ತೇ ಎಂಬುದನ್ನು ನೋಡದೆ ಹೊಣೆಯನ್ನು ಪ್ರದರ್ಶಿಸಿದವರ ಮೇಲೆಯೇ ಹಾಕಲಾಗುತ್ತದೆ. ಇದರ ತರ್ಕ ನನಗೆ ಅರ್ಥವಾಗುತ್ತದೆ. 'ನನಗೆ ಗೊತ್ತಿರಲಿಲ್ಲ' ಎಂಬ ಮಾತಿಗೆ ಜಾಗ ಕೊಟ್ಟರೆ ಪ್ರತಿ ಪ್ರಕರಣದಲ್ಲೂ ಯಾರಿಗೂ ಏನೂ ಗೊತ್ತಿರುವುದಿಲ್ಲ. ಆದರೆ ಪ್ರದರ್ಶಿಸುವವರಿಗೆ ಕೆಲವೊಮ್ಮೆ ಒಂಬತ್ತು ವರ್ಷವಾಗಿರುತ್ತದೆ. ಅಪ್ಪನೋ ಬಾಡಿಗೆಯ ತಜ್ಞನೋ ರಾತ್ರಿ ಬಂದು ಮಾಡಿದ ಕೆಲಸಕ್ಕೆ ಸುದ್ದಿಯಲ್ಲಿ ತಲೆತಗ್ಗಿಸುವುದು ಆ ಮಗು. ದೊಡ್ಡವರಿಗೆ ಜೀವಮಾನದ ನಿಷೇಧ, ಮಗುವಿಗೆ ಆ ವರ್ಷದ ಪ್ರಶಸ್ತಿಯ ನಷ್ಟ ಎಂಬಂಥ ವ್ಯತ್ಯಾಸ ಎಲ್ಲ ಕಡೆ ಒಂದೇ ರೀತಿ ಇರಬೇಕೆಂಬುದು ನನ್ನ ಅಭಿಪ್ರಾಯ. ಎಳೆಯ ಕೈಯಿಂದ ಸಹಿ ಪಡೆಯುವಾಗ ಆ ಸಹಿಯ ಭಾರ ಎಷ್ಟೆಂದು ಪಕ್ಕದಲ್ಲಿ ನಿಂತವರಿಗಾದರೂ ಗೊತ್ತಿರಬೇಕು.

ಈ ಭಾರವನ್ನು ಹೆಚ್ಚಿಸಿರುವುದು ದುಡ್ಡು. ಹ್ಯೂಸ್ಟನ್ ಮೇಳದಲ್ಲಿ 2022 ರ ಗ್ರ್ಯಾಂಡ್ ಚಾಂಪಿಯನ್ ಹೋರಿಗೆ ಹರಾಜಿನಲ್ಲಿ ಬಂದದ್ದು 10 ಲಕ್ಷ ಡಾಲರ್. ಅದು ಮಾಂಸದ ಬೆಲೆಯಲ್ಲ, ಕೊಂಡವರ ದಾನ. ಮಗುವಿಗೆ ಸಿಗುವ ಮೊತ್ತಕ್ಕೆ ಮಿತಿ ಇಟ್ಟು ಉಳಿದದ್ದನ್ನು ವಿದ್ಯಾರ್ಥಿವೇತನದ ನಿಧಿಗೆ ಹಾಕುತ್ತಾರೆ. ಅದು ಒಳ್ಳೆಯದೇ. ಆದರೂ ಅಂಥ ಮೊತ್ತ ಫಲಕದ ಮೇಲೆ ಹೊಳೆಯತೊಡಗಿದಾಗ ಕೊಟ್ಟಿಗೆಗಳಲ್ಲಿ ಮಾತು ಬದಲಾಗುತ್ತದೆ, ಗೆಲ್ಲುವ ಕರು ಎಲ್ಲಿ ಸಿಗುತ್ತದೆಂದು ರಾಜ್ಯ ರಾಜ್ಯ ತಿರುಗುವ ತಂದೆಯರು ಹುಟ್ಟಿಕೊಳ್ಳುತ್ತಾರೆ, ಮೇವು ಹಾಕುವುದು ಮಗು ಹೌದೋ ಅಲ್ಲವೋ ಎಂಬುದು ಮಸುಕಾಗುತ್ತದೆ. ಅದೇ ಮೇಳದಲ್ಲಿ ದಶಕಗಳಿಂದ ನಡೆದುಬಂದ ಕರು ಹಿಡಿಯುವ ಆಟ ನನಗೆ ಹೆಚ್ಚು ಮೆಚ್ಚು: ಮಕ್ಕಳು ಕಣಕ್ಕಿಳಿದು ಕರು ಹಿಡಿಯುತ್ತಾರೆ, ಗೆದ್ದವರಿಗೆ ಸ್ವಂತ ದನ ಕೊಳ್ಳಲು ದಾನಿಗಳಿಂದ ಹಣ ಸಿಗುತ್ತದೆ, ಬದಲಿಗೆ ಅವರು ದಾನಿಗೆ ತಿಂಗಳು ತಿಂಗಳು ದನ ಹೇಗಿದೆಯೆಂದು ಪತ್ರ ಬರೆಯಬೇಕು.

ಇನ್ನು ಅವ್ವ ಕೇಳಿದ ಪ್ರಶ್ನೆ. ಹರಾಜಿಗೆ ಹಾಕಿದ ಪ್ರಾಣಿಯನ್ನು ಮರಳಿ ಪಡೆಯುವಂತಿಲ್ಲ ಎಂಬ ನಿಯಮ ಅನೇಕ ಮೇಳಗಳಲ್ಲಿದೆ. 2022 ರಲ್ಲಿ ಕ್ಯಾಲಿಫೋರ್ನಿಯಾದ ಶಾಸ್ತಾ ಜಿಲ್ಲಾ ಮೇಳದಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಸೀಡರ್ ಎಂಬ ತನ್ನ ಹೋತವನ್ನು ಹರಾಜಿಗೆ ಸೇರಿಸಿದಳು, ಆಮೇಲೆ ಮನಸ್ಸು ಬದಲಿಸಿದಳು. ನಿಯಮ ಒಪ್ಪಲಿಲ್ಲ. ಹೋತ 902 ಡಾಲರಿಗೆ ಹೋಯಿತು. ಕುಟುಂಬ ಅದನ್ನು ಕಸಾಯಿಖಾನೆಗೆ ಹೋಗಗೊಡದೆ ದೂರದ ತೋಟಕ್ಕೆ ಸಾಗಿಸಿತು, ಮೇಳಕ್ಕೆ ಆದ ನಷ್ಟ ಕಟ್ಟಿಕೊಡುತ್ತೇವೆಂದಿತು. ಮೇಳದವರು ದೂರು ಕೊಟ್ಟರು, ಶೆರಿಫ್ ಕಚೇರಿಯವರು ನೂರಾರು ಮೈಲಿ ಹೋಗಿ ಹೋತವನ್ನು ಹಿಡಿದು ತಂದರು, ಅದನ್ನು ಕೊಲ್ಲಲಾಯಿತು. ಮೊಕದ್ದಮೆ ನಡೆದು 2024 ರಲ್ಲಿ 3 ಲಕ್ಷ ಡಾಲರಿನ ರಾಜಿಯಾಯಿತು. ನಿಯಮಕ್ಕೊಂದು ಕಾರಣವಿದೆ: ದುಡ್ಡು ಕೊಟ್ಟವರಿಗೆ ಸರಕು ಸೇರಬೇಕು, ಮಗುವೂ ತಾನು ಒಪ್ಪಿದ್ದನ್ನು ಪಾಲಿಸಬೇಕು, ಅಳು ಬಂದಾಗಲೆಲ್ಲ ಒಪ್ಪಂದ ಮುರಿಯಬಹುದಾದರೆ ಹರಾಜೇ ಇರದು. ಇಷ್ಟೆಲ್ಲ ಒಪ್ಪಿದ ಮೇಲೂ, ಕೊಂಡವರು ತಕರಾರು ತೆಗೆಯದಿರುವಾಗ ಒಂದು ಹೋತಕ್ಕಾಗಿ ಪೊಲೀಸು ಗಾಡಿ ಓಡಿಸಿದ್ದು ನಿಯಮಪಾಲನೆಯಲ್ಲ, ಹಟ. ಔಷಧದ ನಿಯಮ ಮುರಿದರೆ ಊಟ ಮಾಡುವವನಿಗೆ ಕೇಡು. ಈ ನಿಯಮ ಸಡಿಲಿಸಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ನಿಯಮ ಪುಸ್ತಕದಲ್ಲಿ ಎರಡಕ್ಕೂ ಒಂದೇ ಅಳತೆಯ ಅಕ್ಷರ ಇರುವುದೇ ತೊಡಕು.

ಮಗು ಅಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಅಳುವ ಮಗುವಿಗೆ ಹೋರಿ ಎಲ್ಲಿಗೆ ಹೋಗುತ್ತದೆಂದು ಸುಳ್ಳು ಹೇಳುವುದರಲ್ಲಿ ಕಾಣುತ್ತದೆ. 'ದೊಡ್ಡ ಹುಲ್ಲುಗಾವಲಿಗೆ ಹೋಗುತ್ತದೆ' ಎಂದು ಹೇಳಿ ಸಹಿ ಹಾಕಿಸಿದ ತಂದೆತಾಯಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗಳ ಶಾಲೆಯ ಕೃಷಿ ಮೇಷ್ಟ್ರು ಇದಕ್ಕೆ ತಮ್ಮದೇ ಪದ್ಧತಿ ಮಾಡಿಕೊಂಡಿದ್ದಾರೆ. ಮಾರಾಟದ ಹೋರಿ ಸಾಕುವ ಮಕ್ಕಳನ್ನು, ತಂದೆತಾಯಿಗಳ ಸಮೇತ, ಒಂದು ಸಂಜೆ ಕರೆಸಿ ಹರಾಜಿನ ಷರತ್ತುಗಳನ್ನು ಮಗುವಿನ ಬಾಯಿಂದಲೇ ಗಟ್ಟಿಯಾಗಿ ಓದಿಸುತ್ತಾರೆ, ಕೊಲ್ಲುವುದು ಎಂಬ ಪದ ಬಂದಲ್ಲಿ ಅದನ್ನು ನುಂಗಿ ಮುಂದೆ ಹೋಗಲು ಬಿಡುವುದಿಲ್ಲ. ಈ ವರ್ಷ ಓದುತ್ತಿದ್ದ ಹುಡುಗನೊಬ್ಬ ಅರ್ಧಕ್ಕೆ ನಿಲ್ಲಿಸಿ, "ಸರ್, ನಾನೂ ಕಡಸನ್ನೇ ತರುತ್ತೇನೆ" ಎಂದ. ಮೇಷ್ಟ್ರು ಆಗಲಿ ಎಂದರು. ಹಿಂದೆ ಕೂತಿದ್ದ ಅವನ ಅಪ್ಪನ ಮುಖ ಸಣ್ಣದಾಯಿತು, ಏಕೆಂದರೆ ಹೋರಿಕರುವಿಗೆ ಆಗಲೇ ಮುಂಗಡ ಕೊಟ್ಟು ಬಂದಿದ್ದರು.